ಆ ಆರು ಅಂಕ ಯಾರ ಖಾತೆಗೆ?

ನಮ್ಮ ಸಂಘದ ಪತ್ರಿಕೆಯಲ್ಲಿ ಕವನ ಬರುತ್ತದೆ, ಕಥೆ ಬರುತ್ತದೆ, ಊರಿನ ನೆನಪು ಬರುತ್ತದೆ, ವಿಮರ್ಶೆಯ ಹೆಸರಿನಲ್ಲಿ ಜಗಳವೂ ಬರುತ್ತದೆ. ಕ್ರಿಕೆಟ್ ಬಂದದ್ದನ್ನು ಮಾತ್ರ ನಾನು ನೋಡಿಲ್ಲ. ಸಾಹಿತ್ಯದವರಿಗೆ ಕ್ರಿಕೆಟ್ ಎಂದರೆ ಸ್ವಲ್ಪ ತಾತ್ಸಾರ. ಕ್ರಿಕೆಟ್‌ನವರಿಗೆ ಹೆಂಗಸರ ಕ್ರಿಕೆಟ್ ಎಂದರೆ ತಾತ್ಸಾರ. ಹೀಗೆ ಎರಡು ಕಡೆಯಿಂದಲೂ ತಾತ್ಸಾರಕ್ಕೆ ಗುರಿಯಾದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಸಂಪಾದಕರು ಎರಡು ಪುಟ ಎಂದಿದ್ದಾರೆ. ನಾಲ್ಕಾದರೆ ಅವರೇ ಕತ್ತರಿ ಹಾಕಲಿ.

ವಿಷಯ ಇದು. ಭಾರತದ ಮಹಿಳಾ ತಂಡ ಪಾಕಿಸ್ತಾನಕ್ಕೆ ಹೋಗಿ, ಅಥವಾ ಪಾಕಿಸ್ತಾನದ ಮಹಿಳಾ ತಂಡ ಇಲ್ಲಿಗೆ ಬಂದು, ಎರಡೇ ದೇಶಗಳ ನಡುವೆ ಒಂದು ಸರಣಿ ಆಡಿದ್ದು ಇವತ್ತಿನವರೆಗೆ ಒಮ್ಮೆಯೂ ಇಲ್ಲ. ಒಮ್ಮೆಯೂ! ಗಂಡಸರ ತಂಡಗಳು 1952ರಿಂದ ಆಡಿವೆ. ಆ ಮೊದಲ ಸರಣಿಯ ಒಂದು ಟೆಸ್ಟ್ ನಮ್ಮ ಚರ್ಚ್‌ಗೇಟಿನ ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲೇ ನಡೆಯಿತು. ಆಮೇಲೆ ಮುನಿಸಿಕೊಂಡರು, ಯುದ್ಧವಾಯಿತು, ಮತ್ತೆ ಆಡಿದರು, ಮತ್ತೆ ಬಿಟ್ಟರು. ಹೆಂಗಸರಿಗೆ ಆ ಮುನಿಸಿನ ಭಾಗ್ಯವೂ ಇಲ್ಲ. ಮುನಿಸಿಕೊಳ್ಳಬೇಕಾದರೆ ಮೊದಲು ಹೋಗಿಬಂದ ಬಳಕೆ ಇರಬೇಕಲ್ಲ.

ಪಾಕಿಸ್ತಾನದ ಜೊತೆ ಆಡಬೇಕೋ ಬೇಡವೋ ಎಂಬುದು ದೊಡ್ಡವರ ಪ್ರಶ್ನೆ. ಅದಕ್ಕೆ ಸರಕಾರ ಉಂಟು, ವಿದೇಶಾಂಗ ಖಾತೆ ಉಂಟು. ನನ್ನ ಪ್ರಶ್ನೆ ಸಣ್ಣದು. ಆಡುವುದು ಬೇಡ ಎಂದು ತೀರ್ಮಾನವಾದಾಗ ಅದರ ಖರ್ಚನ್ನು ಯಾರ ಖಾತೆಗೆ ಬರೆಯುತ್ತಾರೆ? ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಕಾಮರ್ಸಿಗೆ ಬಂದವಳು ನಾನು. ಡೆಬಿಟ್, ಕ್ರೆಡಿಟ್ ಎಂದರೆ ತಲೆಗೆ ಹೋಗದೆ, ಮೊದಲ ವರ್ಷ ಪೂರ್ತಿ ಮನಸ್ಸಿನಲ್ಲಿ ಖರ್ಚು, ಜಮಾ ಎಂದು ತಿರುಗಿಸಿಕೊಂಡೇ ಪಾಸಾದೆ. ಒಂದು ಪಾಠ ಮಾತ್ರ ಗಟ್ಟಿಯಾಗಿ ಕೂತಿದೆ: ಖರ್ಚು ಎಲ್ಲಿಯೂ ಮಾಯವಾಗುವುದಿಲ್ಲ, ಯಾರದೋ ಒಬ್ಬರ ಖಾತೆಯಲ್ಲಿ ಇದ್ದೇ ಇರುತ್ತದೆ.

ಮೊದಲು ನಮ್ಮ ಮುಂಬಯಿಯದ್ದೇ ಕಥೆ ಹೇಳುತ್ತೇನೆ. 2013ರಲ್ಲಿ ಮಹಿಳೆಯರ ವಿಶ್ವಕಪ್ ಇಲ್ಲಿ ನಡೆಯಬೇಕಿತ್ತು. ನಾನಾಗ ಒಂದನೆಯ ಇಯತ್ತೆಯಲ್ಲಿದ್ದೆ, ನನಗೆ ಗೊತ್ತಾದದ್ದೆಲ್ಲ ಆಮೇಲೆ ಓದಿ. ಎಂಟು ತಂಡಗಳು, ಜನವರಿ 31ರಿಂದ ಫೆಬ್ರವರಿ 17ರವರೆಗೆ. ಜನವರಿ 8ರಂದು ನಿಯಂತ್ರಣ ರೇಖೆಯಲ್ಲಿ ನಮ್ಮ ಇಬ್ಬರು ಯೋಧರು ಹತರಾದರು. ದೇಶ ಕುದಿಯಿತು. ಹಾಕಿ ಲೀಗ್ ಆಡಲು ಬಂದಿದ್ದ ಒಂಬತ್ತು ಮಂದಿ ಪಾಕಿಸ್ತಾನಿ ಆಟಗಾರರನ್ನು ವಾಪಸು ಕಳುಹಿಸಿದರು. ಪಾಕಿಸ್ತಾನದ ಮಹಿಳಾ ತಂಡ ಮುಂಬಯಿಯಲ್ಲಿ ಆಡಕೂಡದು ಎಂದು ಶಿವಸೇನೆ ವಿರೋಧಿಸಿತು. ಸರಿ, ಪಾಕಿಸ್ತಾನ ಇದ್ದ ಇಡೀ ಗುಂಪನ್ನೇ ಒಡಿಶಾದ ಕಟಕ್‌ಗೆ ಎತ್ತಿ ಹಾಕಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಹುಡುಗಿಯರೂ ಅವರ ಹಿಂದೆ ಗಂಟುಮೂಟೆ ಕಟ್ಟಿದರು. ಕಟಕ್‌ನಲ್ಲಿ ಪಾಕಿಸ್ತಾನದವರಿಗೆ ಹೋಟೆಲಿನ ವಾಸ್ತವ್ಯ ಆಗಲಿಲ್ಲ. ಬಾರಾಬತಿ ಸ್ಟೇಡಿಯಮ್ಮಿನ ಆವರಣದಲ್ಲೇ ಇಳಿಸಿದರು. ಉಣ್ಣುವುದು, ಮಲಗುವುದು, ಆಡುವುದು ಎಲ್ಲ ಒಂದೇ ಕಾಂಪೌಂಡಿನೊಳಗೆ. ವಿಶ್ವಕಪ್ಪಿಗೆ ಬಂದವರಿಗೆ ಇದು ಆತಿಥ್ಯ!

ಇಷ್ಟಕ್ಕೇ ಮುಗಿಯಲಿಲ್ಲ. ಮುಂಬಯಿಯಲ್ಲಿ ಉಳಿದ ನಮ್ಮವರಿಗಾದರೂ ವಾಂಖೆಡೆ ಸಿಕ್ಕಿತೇ? ಇಲ್ಲ. ಆ ವರ್ಷ ಮುಂಬಯಿ ರಣಜಿ ತಂಡ ಫೈನಲಿಗೆ ಬಂತು, ಎದುರಾಳಿ ಸೌರಾಷ್ಟ್ರ. ವಾಂಖೆಡೆ ಆ ಪಂದ್ಯಕ್ಕೆ ಬೇಕಾಯಿತು, ಮಹಿಳೆಯರ ವಿಶ್ವಕಪ್ ಅಲ್ಲಿಂದ ಎದ್ದು ಬ್ರೆಬೋರ್ನಿಗೆ ಹೋಯಿತು. ಮನೆಗೆ ನೆಂಟರು ಬಂದಾಗ ಹೆಣ್ಣುಮಕ್ಕಳ ಹಾಸಿಗೆಯನ್ನು ಮೊದಲು ಅಡುಗೆಮನೆಗೆ ಎಳೆಯುತ್ತಾರಲ್ಲ, ಹಾಗೆ. ದೇಶದೊಳಗಿನ ಗಂಡಸರ ಪಂದ್ಯಕ್ಕೆ ವಿಶ್ವಕಪ್ ಜಾಗ ಬಿಟ್ಟುಕೊಟ್ಟ ಉದಾಹರಣೆ ಬೇರೆ ಯಾವ ಆಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.

ಆಮೇಲೆ ಏನಾಯ್ತು ಅಂದರೆ, ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಮ್ಮ ವಿಮರ್ಶಕ ಮಿತ್ರರು ನಂಬುತ್ತಿರಲಿಲ್ಲ. ಮೊದಲ ದಿನ ಬ್ರೆಬೋರ್ನಿನಲ್ಲಿ ತಿರುಷ್ ಕಾಮಿನಿ ವಿಶ್ವಕಪ್ಪಿನಲ್ಲಿ ಶತಕ ಹೊಡೆದ ಮೊದಲ ಭಾರತೀಯಳಾದಳು, ವೆಸ್ಟ್ ಇಂಡೀಸ್ ಸೋತಿತು. ನಂತರ ಭಾರತ ಇಂಗ್ಲೆಂಡಿಗೆ ಸೋತಿತು. ಶ್ರೀಲಂಕಾಕ್ಕೆ 138 ರನ್ನುಗಳಿಂದ ಸೋತು ಗುಂಪಿನಲ್ಲೇ ಹೊರಬಿತ್ತು. ಅತ್ತ ಪಾಕಿಸ್ತಾನವೂ ಮೂರಕ್ಕೆ ಮೂರು ಸೋತಿತ್ತು. ಉಳಿದದ್ದು ಏಳನೆಯ ಸ್ಥಾನದ ಪಂದ್ಯ. ಅದಕ್ಕಾಗಿ ಆತಿಥೇಯ ಭಾರತವೇ ಮುಂಬಯಿ ಬಿಟ್ಟು ಕಟಕ್‌ಗೆ ಹೋಗಿ, ಫೆಬ್ರವರಿ 7ರಂದು ಪಾಕಿಸ್ತಾನದ ಎದುರು ಆಡಬೇಕಾಯಿತು! ಮಿಥಾಲಿ ರಾಜ್ ಅಜೇಯ 103, ಭಾರತಕ್ಕೆ 6 ವಿಕೆಟ್ ಜಯ. ಅತಿಥಿಗಳನ್ನು ಮನೆಯೊಳಗೆ ಬಿಡಲಿಲ್ಲ, ಕಡೆಗೆ ಮನೆಯವರೇ ಹೊರಗೆ ಹೋಗಿ ಅವರನ್ನು ಕಂಡುಬಂದರು.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಚಳಿಗಾಲದಲ್ಲಿ, 2012ರ ಡಿಸೆಂಬರ್ 25ರಂದು, ಪಾಕಿಸ್ತಾನದ ಗಂಡಸರ ತಂಡ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಆಡಿತು. ಅಹಮದಾಬಾದ್, ಚೆನ್ನೈ, ಕೋಲ್ಕತ್ತ, ದಿಲ್ಲಿ ಸುತ್ತಿ ಜನವರಿ 6ಕ್ಕೆ ಸರಣಿ ಮುಗಿಸಿತು. ಗಡಿಯ ಘಟನೆ ನಡೆದದ್ದು 8ಕ್ಕೆ. ಆದ್ದರಿಂದ ಗಂಡಸರನ್ನು ಬಿಟ್ಟರು, ಹೆಂಗಸರನ್ನು ತಡೆದರು ಎಂದು ಸರಳವಾಗಿ ಹೇಳಿದರೆ ನ್ಯಾಯವಾಗದು. ಮುಂಬಯಿ ಗಂಡಸರನ್ನೂ ತಡೆದಿದೆ. 1991ರಲ್ಲಿ ವಾಂಖೆಡೆಯ ಪಿಚ್ಚನ್ನೇ ಅಗೆದುಹಾಕಿದ್ದರು, ಪಾಕಿಸ್ತಾನದ ಪ್ರವಾಸ ರದ್ದಾಯಿತು. ಆದರೆ ಗಂಡಸರ ಒಂದು ಸರಣಿ ತಪ್ಪಿದರೆ ಹತ್ತು ಸರಣಿ ಕಾದಿರುತ್ತವೆ. ಹೆಂಗಸರಿಗೆ ಹಾಗಲ್ಲ. ಅವರಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ವಿಶ್ವಕಪ್ಪೇ ಜಾತ್ರೆ, ಅದೇ ಮದುವೆ, ಅದೇ ಹಬ್ಬ.

ಈಗ ಶೀರ್ಷಿಕೆಯ ಲೆಕ್ಕಕ್ಕೆ ಬರೋಣ. 2014ರಲ್ಲಿ ಐಸಿಸಿಯವರು ಮಹಿಳೆಯರಿಗೆ ಒಂದು ಚಾಂಪಿಯನ್‌ಷಿಪ್ ಮಾಡಿದರು. ಎಂಟು ದೇಶಗಳು, ಪ್ರತಿಯೊಂದು ತಂಡ ಉಳಿದ ಪ್ರತಿಯೊಂದರ ಜೊತೆ ಮೂರು ಪಂದ್ಯ ಆಡಬೇಕು, ಗೆದ್ದರೆ ಎರಡು ಅಂಕ. ಮೊದಲ ನಾಲ್ಕು ತಂಡಗಳಿಗೆ 2017ರ ವಿಶ್ವಕಪ್ಪಿಗೆ ನೇರ ಪ್ರವೇಶ, ಉಳಿದವರು ಅರ್ಹತಾ ಪಂದ್ಯ ಆಡಿ ಬರಬೇಕು. ಬಹಳ ಒಳ್ಳೆಯ ಏರ್ಪಾಡು. ಹೆಂಗಸರಿಗೆ ಮೊದಲ ಸಲ ವರ್ಷವಿಡೀ ಕೆಲಸ ಸಿಕ್ಕಿತು. ಆದರೆ ಭಾರತ ಪಾಕಿಸ್ತಾನದ ಜೊತೆ ಆಡಬೇಕಾದ ಆ ಮೂರು ಪಂದ್ಯಗಳು 2016ರ ಅಕ್ಟೋಬರ್ ಮುಗಿದರೂ ನಡೆಯಲಿಲ್ಲ. ಸೆಪ್ಟೆಂಬರಿನಲ್ಲಿ ಉರಿಯ ದಾಳಿ ಆಗಿತ್ತು, ಆಡುವ ವಾತಾವರಣ ಇರಲಿಲ್ಲ, ನಿಜ. ನವೆಂಬರಿನಲ್ಲಿ ಐಸಿಸಿಯ ತಾಂತ್ರಿಕ ಸಮಿತಿ ತೀರ್ಪು ಕೊಟ್ಟಿತು: ಭಾರತ ಒಪ್ಪತಕ್ಕ ಕಾರಣ ತೋರಿಸಿಲ್ಲ, ಮೂರೂ ಪಂದ್ಯ ಬಿಟ್ಟುಕೊಟ್ಟಂತೆ, ಆರು ಅಂಕ ಪಾಕಿಸ್ತಾನಕ್ಕೆ. ಅಷ್ಟೇ ಅಲ್ಲ, ರನ್ ಸರಾಸರಿಯ ಲೆಕ್ಕಕ್ಕೆ ಆ ಮೂರು ಪಂದ್ಯಗಳ ಐವತ್ತೈವತ್ತು ಓವರುಗಳಲ್ಲಿ ಭಾರತ ಹೊಡೆದದ್ದು 0 ಎಂದು ಬರೆದುಕೊಂಡರು.

ಸೊನ್ನೆ! ಬ್ಯಾಟು ಹಿಡಿಯದೆಯೇ ನೂರೈವತ್ತು ಓವರ್ ಸೊನ್ನೆ. ಮಿಥಾಲಿ, ಹರ್ಮನ್‌ಪ್ರೀತ್, ಝೂಲನ್ ಗೋಸ್ವಾಮಿ ಇವರಲ್ಲಿ ಯಾರೊಬ್ಬರಾದರೂ ಆಡುವುದಿಲ್ಲ ಎಂದು ಹೇಳಿದ್ದರೇ? ತೀರ್ಮಾನ ಯಾರದೋ, ಸಹಿ ಯಾರದೋ. ಖರ್ಚು ಬಿದ್ದದ್ದು ಮಾತ್ರ ಈ ಹುಡುಗಿಯರ ಖಾತೆಗೆ.

ಭಾರತ ಐದನೆಯ ಸ್ಥಾನಕ್ಕೆ ನಿಂತಿತು. 2017ರ ಫೆಬ್ರವರಿಯಲ್ಲಿ ಕೊಲಂಬೊಗೆ ಹೋಗಿ ಅರ್ಹತಾ ಪಂದ್ಯಗಳನ್ನು ಆಡಬೇಕಾಯಿತು. ಅಲ್ಲಿ ಎದುರಿಗೆ ಬಂದವರಲ್ಲಿ ಯಾರಿದ್ದರು ಹೇಳಿ? ಪಾಕಿಸ್ತಾನ! ಮೂರು ತಿಂಗಳ ಹಿಂದೆ ಯಾರ ಜೊತೆ ಆಡಲಿಲ್ಲ ಎಂದು ಅಂಕ ಕಿತ್ತುಕೊಂಡರೋ, ಅವರ ಜೊತೆಯೇ ಫೆಬ್ರವರಿ 19ರಂದು ಆಡಿದರು. ಏಕ್ತಾ ಬಿಷ್ಟ್ 8 ರನ್ ಕೊಟ್ಟು 5 ವಿಕೆಟ್ ತೆಗೆದಳು, ಪಾಕಿಸ್ತಾನ 67ಕ್ಕೆ ಆಲೌಟ್. ಯಾವ ಆಕಾಶವೂ ಬೀಳಲಿಲ್ಲ. ಎರಡು ದಿನ ಬಿಟ್ಟು ಫೈನಲಿನಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಕೊನೆಯ ಎರಡು ಚೆಂಡಿಗೆ 8 ರನ್ ಬೇಕಿತ್ತು. ಹರ್ಮನ್‌ಪ್ರೀತ್ ಒಂದು ಸಿಕ್ಸರ್ ಎತ್ತಿ, ಮತ್ತೆರಡು ಓಡಿ ಗೆಲ್ಲಿಸಿದಳು. ಆಮೇಲೆ ಇದೇ ತಂಡ ಜುಲೈಯಲ್ಲಿ ಲಾರ್ಡ್ಸ್ ಮೈದಾನದ ಫೈನಲ್ಲಿಗೆ ಹೋಗಿ 9 ರನ್ನಿನಿಂದ ಸೋತದ್ದು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಆ ತಂಡದಲ್ಲಿದ್ದದ್ದು ನಿಮಗೆಲ್ಲ ಗೊತ್ತು. ದೇಶ ಆ ವರ್ಷ ಹೆಂಗಸರ ಕ್ರಿಕೆಟ್ಟನ್ನು ಕಣ್ಣೆತ್ತಿ ನೋಡಿತು. ಅದರ ಹಿಂದೆ ಕೊಲಂಬೊದ ಆ ಎರಡು ಚೆಂಡುಗಳಿದ್ದವು ಎಂದು ಎಷ್ಟು ಜನ ನೆನಪಿಡುತ್ತಾರೆ?

ಅದೇ 2017ರಲ್ಲಿ ಗಂಡಸರು ಏನು ಮಾಡಿದರು? ಜೂನ್ 4ಕ್ಕೆ ಬರ್ಮಿಂಗ್‌ಹ್ಯಾಮಿನಲ್ಲಿ, ಜೂನ್ 18ಕ್ಕೆ ಲಂಡನ್ನಿನ ಓವಲ್ ಮೈದಾನದಲ್ಲಿ, ಎರಡು ಸಲ ಪಾಕಿಸ್ತಾನದ ಜೊತೆ ಆಡಿದರು. ಟಿವಿಯವರಿಗೆ ಸುಗ್ಗಿ, ಜಾಹೀರಾತಿನವರಿಗೆ ಸುಗ್ಗಿ. ಎರಡು ದೇಶಗಳ ನಡುವಿನ ಸರಣಿ ಬೇಡ, ದೊಡ್ಡ ಪಂದ್ಯಾವಳಿಯಲ್ಲಿ ಎದುರಾದರೆ ಆಗಬಹುದು ಎಂಬುದು ನೀತಿ. ಇರಲಿ, ನೀತಿಯೇ. ಆದರೆ ನೋಡಿ, ಗಂಡಸರು ಬಿಟ್ಟ ಸರಣಿಗಳಿಗೆ ಆಗ ಅಂಕವೇ ಇರಲಿಲ್ಲ. ಹೆಂಗಸರ ಸರಣಿಗೆ ಅಂಕ ಇತ್ತು. ಅಂದರೆ ಒಂದೇ ನೀತಿಯಲ್ಲಿ ಒಬ್ಬರಿಗೆ ನಷ್ಟ ಶೂನ್ಯ, ಇನ್ನೊಬ್ಬರಿಗೆ ಆರು ಅಂಕ ಮತ್ತು ಒಂದು ಹೆಚ್ಚುವರಿ ಪರೀಕ್ಷೆ. ಇದನ್ನು ಅಢಾವೆ ಪತ್ರಿಕೆಯಲ್ಲಿ ಹೇಗೆ ತೋರಿಸುವುದು ಎಂದು ನಮ್ಮ ಅಕೌಂಟೆನ್ಸಿ ಸರ್ ಅವರನ್ನೇ ಕೇಳಬೇಕು. ಮುಂದಿನ ಸುತ್ತಿನಲ್ಲೂ ಆಟ ನಡೆಯಲಿಲ್ಲ. ಸರಕಾರದ ಒಪ್ಪಿಗೆ ಸಿಗಲಿಲ್ಲವೆಂದು ಮಂಡಳಿ ತೋರಿಸಿಕೊಟ್ಟ ಮೇಲೆ 2020ರಲ್ಲಿ ಅಂಕಗಳನ್ನು ಇಬ್ಬರಿಗೂ ಸಮನಾಗಿ ಹಂಚಿದರು. ಅದರ ಮುಂದಿನ ಸುತ್ತಿನಲ್ಲಿ ಇಬ್ಬರನ್ನೂ ಎದುರುಬದುರು ಹಾಕಲೇ ಇಲ್ಲ. 2016ರಲ್ಲೇ ಸರಿಯಾದ ಕಾಗದ ಕೊಟ್ಟಿದ್ದರೆ ಆ ಆರು ಅಂಕ ಹೋಗುತ್ತಿರಲಿಲ್ಲ ಅಂತ ಇದರಿಂದ ಅರ್ಥವಾಗುವುದಿಲ್ಲವೇ?

ಕ್ಯಾಂಟೀನಿನಲ್ಲಿ ಇದನ್ನು ಹೇಳಿದ್ದಕ್ಕೆ ನನ್ನ ಗೆಳತಿಯೊಬ್ಬಳು ಸಿಟ್ಟಾದಳು. "ನಿಂಗೆ ದೇಶ ದೊಡ್ಡದಾ ಮಾರಾಯ್ತಿ, ಆರು ಅಂಕ ದೊಡ್ಡದಾ? ದಿನಾ ಸಿಎಸ್‌ಎಂಟಿಯಲ್ಲಿ ಇಳಿಯುವವಳು ನೀನು" ಎಂದಳು. ಅವಳ ಮಾತನ್ನು ನಾನು ಹಗುರ ಮಾಡುವುದಿಲ್ಲ. 2008ರ ನವೆಂಬರ್ 26ರ ದಾಳಿಯಲ್ಲಿ ಈ ಊರು 166 ಜನರನ್ನು ಕಳಕೊಂಡಿದೆ. ಆ ಸ್ಟೇಷನ್ನಿನಲ್ಲಿ ಹರಿದದ್ದು ನಮ್ಮಂಥ ಲೋಕಲ್ ಗಾಡಿಯವರ, ಊರಿಗೆ ಹೊರಟವರ ರಕ್ತ. 2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ ನಡೆದದ್ದನ್ನು ನೋಡಿ ಯಾರಿಗೆ ತಾನೇ ಆಟದ ಮಾತು ರುಚಿಸೀತು? ದೇಶವೇ ದೊಡ್ಡದು, ಅನುಮಾನವೇ ಇಲ್ಲ. ನಾನು ಅವಳಿಗೆ ಕೇಳಿದ್ದು ಇಷ್ಟೇ: ದೇಶ ದೊಡ್ಡದಾದರೆ ದೇಶದ ಖರ್ಚನ್ನು ದೇಶ ಕೊಡಬೇಕಲ್ಲ, ಹದಿನೈದು ಹುಡುಗಿಯರು ಯಾಕೆ ಕೊಡಬೇಕು? ಅವಳು ಚಹಾ ಕುಡಿದು ಎದ್ದುಹೋದಳು. ಚಹಾದ ದುಡ್ಡು ನನ್ನ ಖಾತೆಗೆ.

ನಮ್ಮ ಚಾಳುಗಳಲ್ಲಿ ಇದನ್ನು ದಿನಾ ಕಾಣಬಹುದು. ಎರಡು ಖೋಲಿಯವರಿಗೆ ನೀರಿನ ವಿಷಯಕ್ಕೋ ಜಾಗದ ವಿಷಯಕ್ಕೋ ಜಗಳವಾಯಿತು ಅನ್ನಿ. ಮೊದಲ ಹುಕುಂ ಹೊರಡುವುದು ಹೆಂಗಸರಿಗೆ: ಇವತ್ತಿನಿಂದ ಆಚೆಮನೆಯವಳ ಹತ್ತಿರ ಮಾತಾಡಕೂಡದು, ಮಕ್ಕಳನ್ನು ಕಳಿಸಕೂಡದು, ಬಟ್ಟಲು ತುಂಬಿ ಪಲ್ಯ ಕೊಡಕೂಡದು. ಹುಕುಂ ಹೊರಡಿಸಿದ ಗಂಡಸರು ಸಂಜೆ ಬೀಡಾ ಅಂಗಡಿಯ ಮುಂದೆ ಆಚೆಮನೆಯವನ ಜೊತೆ ಚೀಟಿ ಫಂಡಿನ ಲೆಕ್ಕ ಮಾತಾಡುತ್ತ ನಿಂತಿರುತ್ತಾರೆ! ಕೇಳಿದರೆ, ಅದು ವ್ಯವಹಾರ, ಬೇರೆ ವಿಷಯ ಎನ್ನುತ್ತಾರೆ. ಮನೆಯ ಮಾನ ಕಾಯುವುದು ಹೆಂಗಸರ ಡ್ಯೂಟಿ, ವ್ಯವಹಾರ ಗಂಡಸರದು. ಕ್ರಿಕೆಟ್ಟಿನಲ್ಲಿ ಇದಕ್ಕಿಂತ ಬೇರೆ ಏನು ನಡೆದಿದೆ?

ಅತ್ತ ಕಡೆಯ ಹುಡುಗಿಯರ ಬಗ್ಗೆಯೂ ಸ್ವಲ್ಪ ಹೇಳದಿದ್ದರೆ ಲೇಖನ ಒಂಟಿಗಾಲಿನದಾಗುತ್ತದೆ. ನಮ್ಮಲ್ಲಿ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಆ ವರ್ಷ ಪುಣೆಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ಆದಾಗ ಬಂದದ್ದು ಮೂರೇ ತಂಡ, ಅದರಲ್ಲಿ ಒಂದು ಮುಂಬಯಿ. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಮೊದಲ ಟೆಸ್ಟ್, ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಕಾಯ್ದಿರಿಸದ ರೈಲು ಡಬ್ಬಿಯಲ್ಲಿ ಕೂತು, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದ ತಲೆಮಾರು ಅದು. ಪಾಕಿಸ್ತಾನದಲ್ಲಿ ಅದೇ ಕೆಲಸವನ್ನು ಶೈಜಾ ಖಾನ್, ಶರ್ಮೀನ್ ಖಾನ್ ಎಂಬ ಅಕ್ಕತಂಗಿಯರು ಎರಡು ದಶಕ ತಡವಾಗಿ, ಜೀವ ಬೆದರಿಕೆಗಳ ನಡುವೆ ಮಾಡಿದರು. 1997ರ ಡಿಸೆಂಬರಿನಲ್ಲಿ ವಿಶ್ವಕಪ್ ಆಡಲು ಆ ತಂಡ ಭಾರತಕ್ಕೇ ಬಂತು. ಹೈದರಾಬಾದಿನಲ್ಲಿ ಆಸ್ಟ್ರೇಲಿಯಾದ ಎದುರು 27ಕ್ಕೆ ಆಲೌಟ್ ಆಯಿತು. ನಗಬೇಡಿ. ಏಳು ವರ್ಷದೊಳಗೆ, 2004ರಲ್ಲಿ, ಕರಾಚಿಯ ಟೆಸ್ಟಿನಲ್ಲಿ ಕಿರಣ್ ಬಲೂಚ್ ವೆಸ್ಟ್ ಇಂಡೀಸಿನ ಮೇಲೆ 242 ಹೊಡೆದಳು. ಮಹಿಳೆಯರ ಟೆಸ್ಟಿನಲ್ಲಿ ಒಬ್ಬಳು ಹೊಡೆದ ಅತಿ ಹೆಚ್ಚು ರನ್ ಅದೇ. ಆ ದಾಖಲೆ ಇನ್ನೂ ಉಳಿದಿದೆ. ಅದೇ ಪಂದ್ಯದಲ್ಲಿ ಶೈಜಾ 13 ವಿಕೆಟ್ ತೆಗೆದಳು. ಅದರ ನಂತರ ಪಾಕಿಸ್ತಾನದ ಮಹಿಳೆಯರಿಗೆ ಒಂದು ಟೆಸ್ಟ್ ಆಡಲೂ ಸಿಕ್ಕಿಲ್ಲ. ಜಾವೇದ್ ಮಿಯಾಂದಾದ್ ಶಾರ್ಜಾದಲ್ಲಿ ಹೊಡೆದ ಸಿಕ್ಸರ್ ನಮ್ಮ ಮನೆಗಳಲ್ಲಿ ಅಜ್ಜಂದಿರಿಗೂ ಗೊತ್ತು. ಕಿರಣ್ ಬಲೂಚ್ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

ಭಾರತದ ಹುಡುಗಿಯರು ಒಮ್ಮೆ ಕರಾಚಿಗೆ ಹೋಗಿದ್ದಾರೆ. 2005ರ ಡಿಸೆಂಬರ್ ಕೊನೆಯಲ್ಲಿ, ಏಷ್ಯಾ ಕಪ್ಪಿಗೆ. ಮಿಥಾಲಿ ನಾಯಕಿ, ಶ್ರೀಲಂಕಾ ಸೇರಿ ಮೂರು ದೇಶಗಳು, ಕಪ್ಪು ನಮ್ಮದೇ. ಭಾರತ ಪಾಕಿಸ್ತಾನ ಹೆಂಗಸರು ಮೊತ್ತಮೊದಲು ಎದುರಾದದ್ದೇ ಅಲ್ಲಿ. ಅಷ್ಟೇ, ಮತ್ತೆ ಹೋಗಿಲ್ಲ. ಅವರು ಇಲ್ಲಿಗೆ ಬಂದಾಗಲೂ ಪಂದ್ಯಾವಳಿಯ ಬಾಲ ಹಿಡಿದುಕೊಂಡೇ ಬಂದದ್ದು. 2016ರ ಮಾರ್ಚ್ 19ರಂದು ದಿಲ್ಲಿಯ ಕೋಟ್ಲಾದಲ್ಲಿ ಟಿ-20 ವಿಶ್ವಕಪ್ಪಿನ ಪಂದ್ಯ, ಮಳೆ ಬಂದು ಲೆಕ್ಕಾಚಾರವಾಗಿ ಪಾಕಿಸ್ತಾನ 2 ರನ್ನಿನಿಂದ ನಮ್ಮನ್ನು ಸೋಲಿಸಿತು. ಬೇಜಾರಾದರೂ ಹೇಳಬೇಕು, 27ಕ್ಕೆ ಆಲೌಟ್ ಆದವರ ತಂಗಿಯರು ಅವರು.

ಆಟದ ಹೊರಗೆ ಈ ಎರಡು ತಂಡಗಳು ಹೇಗಿದ್ದವು ಎಂಬುದಕ್ಕೆ 2022ರ ಮಾರ್ಚ್ 6 ಸಾಕು. ನ್ಯೂಜಿಲೆಂಡಿನಲ್ಲಿ ವಿಶ್ವಕಪ್. ರಾಜೇಶ್ವರಿ ಗಾಯಕವಾಡ್ 31 ರನ್ನಿಗೆ 4 ವಿಕೆಟ್ ಕಿತ್ತಳು, ಪಾಕಿಸ್ತಾನ 107 ರನ್ನಿನಿಂದ ಸೋತಿತು. ಪಾಕಿಸ್ತಾನದ ನಾಯಕಿ ಬಿಸ್ಮಾ ಮಾರೂಫ್ ಆರು ತಿಂಗಳ ಮಗು ಫಾತಿಮಾಳನ್ನು ಜೊತೆಗೇ ಕರೆತಂದಿದ್ದಳು. ಪಂದ್ಯ ಮುಗಿದ ಮೇಲೆ ನಮ್ಮ ಹುಡುಗಿಯರೆಲ್ಲ ಆ ಮಗುವಿನ ಸುತ್ತ ಮುತ್ತಿಕೊಂಡರು. ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ. ಮೂರೂವರೆ ವರ್ಷ ಕಳೆದು, 2025ರ ಅಕ್ಟೋಬರ್ 5. ವಿಶ್ವಕಪ್ ಭಾರತದ್ದು, ಪಾಕಿಸ್ತಾನದ ಪಂದ್ಯಗಳು ಮಾತ್ರ ಕೊಲಂಬೊದಲ್ಲಿ. ಸೆಪ್ಟೆಂಬರಿನಲ್ಲಿ ದುಬೈಯಲ್ಲಿ ಗಂಡಸರು ಕೈ ಕುಲುಕದೆ ಮೂರು ಪಂದ್ಯ ಆಡಿ ಮುಗಿಸಿದ್ದರು. ಅದೇ ಪದ್ಧತಿ ಹೆಂಗಸರಿಗೂ ಬಂತು. ಟಾಸಿನಲ್ಲಿ ಹರ್ಮನ್‌ಪ್ರೀತ್, ಫಾತಿಮಾ ಸನಾ ಕೈ ಕುಲುಕಲಿಲ್ಲ. 88 ರನ್ನಿನಿಂದ ಗೆದ್ದ ಮೇಲೂ ಇಲ್ಲ. ಕೈ ಕುಲುಕಿದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನೂ ನಂಬುವುದಿಲ್ಲ. ಆದರೆ ಮಗುವಿನ ಸುತ್ತ ಕೂತವರಿಗೆ ಹೀಗೆ ಮಾಡಬೇಕೋ ಬೇಡವೋ ಎಂದು ಯಾರಾದರೂ ಕೇಳಿದ್ದರೇ? ಗಂಡಸರು ಜಗಳದ ರೀತಿ ತೀರ್ಮಾನಿಸಿದರು, ಹೆಂಗಸರು ಪಾಲಿಸಿದರು. ಪುನಃ ಅದೇ ಚಾಳಿನ ಕಥೆ.

ಅದೇ ವಿಶ್ವಕಪ್ಪನ್ನು ನವೆಂಬರ್ 2ರ ರಾತ್ರಿ ನೆರೂಳಿನ ಡಿ.ವೈ. ಪಾಟೀಲ್ ಮೈದಾನದಲ್ಲಿ ನಮ್ಮವರು ಗೆದ್ದರು. ದಕ್ಷಿಣ ಆಫ್ರಿಕಾಕ್ಕೆ 52 ರನ್ನಿನ ಸೋಲು, ಶೆಫಾಲಿ 87, ದೀಪ್ತಿ ಶರ್ಮಾ 58 ಮತ್ತು 5 ವಿಕೆಟ್. ಮರುದಿನ ಲೇಡೀಸ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಯ ಮಾವುಶಿಯಿಂದ ಬ್ಯಾಂಕಿನ ಮೇಡಮ್ಮಿನವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಹೆಂಗಸರ ಕ್ರಿಕೆಟ್ ಯಾರು ನೋಡ್ತಾರೆ ಎಂಬ ಮಾತಿಗೆ ಇನ್ನು ಜಾಗವಿಲ್ಲ. ಹಾಗಾದರೆ ಲೆಕ್ಕವೂ ಬದಲಾಗಬೇಕಲ್ಲ. 2022ರ ಅಕ್ಟೋಬರಿನಲ್ಲಿ ಮಂಡಳಿ ಗಂಡಸರಿಗೂ ಹೆಂಗಸರಿಗೂ ಸಮಾನ ಪಂದ್ಯ ಶುಲ್ಕ ಎಂದಿತು; ಏಕದಿನ ಪಂದ್ಯಕ್ಕೆ 6 ಲಕ್ಷ. ಆ ದರದಲ್ಲಿ ಮೂರು ಪಂದ್ಯ ಆಡದಿದ್ದರೆ ಒಬ್ಬಳಿಗೆ 18 ಲಕ್ಷ, ಹನ್ನೊಂದು ಜನಕ್ಕೆ 1 ಕೋಟಿ 98 ಲಕ್ಷ. ಕ್ರಿಕೆಟ್ ಮಂಡಳಿಗೆ ಇದು ಚಿಲ್ಲರೆ. ದೇಶಕ್ಕಾಗಿ ಆಟ ಬಿಡಿ ಎಂದು ಹೇಳುವ ದಿನ ಈ ಶುಲ್ಕವನ್ನು ಆಡಿದಂತೆಯೇ ಕೊಟ್ಟುಬಿಡಲಿ. ಐಸಿಸಿಗೆ ಕೊಡಬೇಕಾದ ಕಾಗದವನ್ನು ಅಂಕ ಹೋದ ಮೇಲಲ್ಲ, ಮೊದಲೇ ಕೊಡಲಿ. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಗಸರಿಗೆ ಬೇಡವೆನ್ನುವ ದಿನ ಗಂಡಸರ ಟಿವಿ ಪಂದ್ಯಕ್ಕೂ ಬೇಡವೆನ್ನಲಿ. ಅಷ್ಟು ಧೈರ್ಯ ಇಲ್ಲದಿದ್ದರೆ ಹೆಂಗಸರನ್ನೂ ಆಡಲು ಬಿಡಲಿ, ಪಂದ್ಯಾವಳಿಯ ಬಾಲ ಹಿಡಿದು ಮಾತ್ರವಲ್ಲ, ಮೂರು ಪಂದ್ಯಗಳ ಒಂದು ಸಣ್ಣ ಸರಣಿ, ಕೊಲಂಬೊದಲ್ಲಾದರೂ ಸರಿ.

ಇದನ್ನು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಸಂಪಾದಕರು ಜಾಗ ಕೊಡುತ್ತೇನೆಂದು ಒಪ್ಪಿದ್ದಾರೆ. ಒಂದೇ ಷರತ್ತು. ಉತ್ತರ ಶುರು ಮಾಡುವ ಮೊದಲು, ಈ ಲೇಖನದಲ್ಲಿ ಬಂದಿರುವವರನ್ನು ಬಿಟ್ಟು, ಪಾಕಿಸ್ತಾನದ ಮಹಿಳಾ ತಂಡದ ಮೂವರು ಆಟಗಾರ್ತಿಯರ ಹೆಸರನ್ನು ಮೊಬೈಲ್ ನೋಡದೆ ಹಾಳೆಯ ತಲೆಯಲ್ಲಿ ಬರೆಯಿರಿ.

— ದ್ವಿತೀಯ ಬಿ.ಕಾಂ. ವಿದ್ಯಾರ್ಥಿನಿ